ಸಾರ್ವಜನಿಕ ಹಣ ಮತ್ತು ಖಜಾಂಚಿಯ ಹೊಣೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ಕವಿಗಳ ಬಗ್ಗೆ, ಶಾಸನಗಳ ಬಗ್ಗೆ, ನಾಡು ಕಟ್ಟಿದ ಮಹನೀಯರ ಬಗ್ಗೆ ಮಾತನಾಡುವುದು ನಮ್ಮಲ್ಲಿ ರೂಢಿ. ಇವತ್ತು ನಾನು ಖಜಾಂಚಿಯ ಬಗ್ಗೆ ಮಾತನಾಡಲು ಬಂದಿದ್ದೇನೆ. ನಿಮ್ಮ ಸಂಘ ಈ ವಿಷಯಕ್ಕೆ ಒಪ್ಪಿಗೆ ಕೊಟ್ಟಿದ್ದಕ್ಕೆ ಕೃತಜ್ಞತೆಗಳು. ಆಮಂತ್ರಣ ಪತ್ರಿಕೆಯಲ್ಲಿ ಖಜಾಂಚಿಯ ಹೆಸರು ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿಗಳೆಲ್ಲ ಆದ ಮೇಲೆ ಬರುತ್ತದೆ. ಆದರೆ ಸಂಸ್ಥೆಯೊಂದು ಐವತ್ತು, ನೂರು ವರ್ಷ ಬಾಳಿದ್ದರೆ ಅದರ ಹಿಂದೆ ಒಬ್ಬರಾದ ಮೇಲೆ ಒಬ್ಬರಂತೆ ಬಂದ ಒಳ್ಳೆಯ ಖಜಾಂಚಿಗಳ ಸಾಲೇ ಇರುತ್ತದೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ. ಅವುಗಳ ಚರಿತ್ರೆಯಲ್ಲಿ ನಾವು ಅಧ್ಯಕ್ಷರ ಹೆಸರುಗಳನ್ನು ಸಲೀಸಾಗಿ ಹೇಳುತ್ತೇವೆ. ಗೌರವ ಕೋಶಾಧ್ಯಕ್ಷರ ಹೆಸರು ಕೇಳಿದರೆ ತಡವರಿಸುತ್ತೇವೆ.

ನಾನು ಹೇಳಬೇಕೆಂದಿರುವ ಮಾತು ಇಷ್ಟೇ: ಪ್ರಾಮಾಣಿಕತೆಯನ್ನು ಒಬ್ಬ ವ್ಯಕ್ತಿಯ ಸದ್ಗುಣವೆಂದು ನಂಬಿ ಕೂರಬಾರದು, ಅದು ಸಂಸ್ಥೆಯ ಪದ್ಧತಿಯಾಗಬೇಕು. ಒಳ್ಳೆಯ ಮನುಷ್ಯನನ್ನು ಆರಿಸಿ ಕೀಲಿಕೈ ಕೊಟ್ಟು ನಿಶ್ಚಿಂತರಾಗುವುದು ಸಂಸ್ಥೆಗೂ ಒಳ್ಳೆಯದಲ್ಲ, ಆ ಮನುಷ್ಯನಿಗೂ ಒಳ್ಳೆಯದಲ್ಲ.

ಭಂಡಾರದ ಹಳೆಯ ಪಾಠಗಳು

ಈ ವಿಚಾರ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದರು. ಅದು 1909ರಲ್ಲಿ ಅಚ್ಚಾಯಿತು. ಕಂದಾಯ ವಸೂಲಿಗೆ ಸಮಾಹರ್ತೃ, ಭಂಡಾರ ಕಾಯಲು ಸನ್ನಿಧಾತೃ, ಲೆಕ್ಕ ಬರೆಯಲು ಅಕ್ಷಪಟಲವೆಂಬ ಪ್ರತ್ಯೇಕ ಕಚೇರಿ, ಹೀಗೆ ಅದರಲ್ಲಿ ಕೆಲಸ ಮೂರಾಗಿ ಹಂಚಿಕೊಂಡಿದೆ. ವರ್ಷದ ಲೆಕ್ಕ ಆಷಾಢದ ಹುಣ್ಣಿಮೆಗೆ ಬಂದು ಸೇರಬೇಕು. ಲೆಕ್ಕ ತಂದ ಅಧಿಕಾರಿಗಳು ಮುದ್ರೆ ಹಾಕಿದ ಪುಸ್ತಕ, ಮುದ್ರೆ ಹಾಕಿದ ಶಿಲ್ಕಿನೊಂದಿಗೆ ಬರಬೇಕು. ಒಪ್ಪಿಸುವ ತನಕ ಒಬ್ಬರೊಡನೊಬ್ಬರು ಮಾತನಾಡದಂತೆ ಅವರನ್ನು ತಡೆಯಬೇಕು. ಸರ್ಕಾರದ ಹಣ ಕಬಳಿಸುವ ದಾರಿಗಳು ನಲವತ್ತು ಎಂದು ಎಣಿಸಿ ಹೇಳಿರುವುದೂ ಅಲ್ಲಿಯೇ. ಎಲ್ಲರೂ ಕಳ್ಳರೆಂದು ಭಾವಿಸಿ ಮಾಡಿದ ನಿಯಮಗಳಲ್ಲ ಇವು. ಹಣ ಕೈಯಲ್ಲಿರುವ ಯಾರಿಗೂ ಪ್ರಲೋಭನೆ ಬರಬಹುದು, ಪ್ರಲೋಭನೆ ಬಾರದವನ ಮೇಲೂ ಅನುಮಾನ ಬರಬಹುದು ಎಂಬ ತಿಳಿವಳಿಕೆಯಿಂದ ಬಂದವು.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಕರಣಿಕರಾಗಿ ಲೆಕ್ಕ ಬರೆಯುವ ಕೆಲಸದಿಂದ ಅವರು ಆ ಸ್ಥಾನಕ್ಕೆ ಏರಿದರೆಂದು ಪರಂಪರೆ ಹೇಳುತ್ತದೆ. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಆಸ್ಥಾನದವರು ದೂರು ಕೊಟ್ಟರು, ಲೆಕ್ಕ ನೋಡಿದಾಗ ಭಂಡಾರದಲ್ಲಿ ಏನೂ ಕಡಿಮೆಯಾಗಿರಲಿಲ್ಲ ಎಂಬುದು ಬಸವಪುರಾಣದ ಕಥೆ. ಭಕ್ತರು ಇದನ್ನು ಪವಾಡವೆಂದು ಓದುತ್ತಾರೆ. ಲೆಕ್ಕಪತ್ರದ ಕೆಲಸದಲ್ಲೇ ಬದುಕು ಕಳೆದ ನನಗೆ ಇದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಬಸವಣ್ಣನವರಂಥವರ ಮೇಲೂ ಆಪಾದನೆ ಬಂತು. ಅದಕ್ಕೆ ಉತ್ತರವಾಗಿದ್ದು ಭಂಡಾರದ ಬಾಗಿಲು ತೆರೆದು ಎಣಿಸಿದ್ದು. ಅವರ ಹೆಸರು, ಕೀರ್ತಿ ಯಾವುದೂ ಆ ಎಣಿಕೆಗೆ ಬದಲಿಯಾಗಲಿಲ್ಲ.

ಮೂರು ಕೈಗಳು

ಹಣ ಖರ್ಚು ಮಾಡಲು ಒಪ್ಪಿಗೆ ಕೊಡುವವರು, ಹಣ ಇಟ್ಟುಕೊಂಡು ಪಾವತಿಸುವವರು, ಅದನ್ನು ಬರೆದು ತಾಳೆ ನೋಡುವವರು, ಈ ಮೂರು ಕೈಗಳು ಬೇರೆಬೇರೆ ಇರಬೇಕು. ಸಂಸ್ಥೆ ಯಾವುದೇ ಇರಲಿ, ಒಳ್ಳೆಯ ವ್ಯವಸ್ಥೆಯ ತಿರುಳು ಇದು. ಹಣ ಹಾಳಾದ ಕಡೆ ನೋಡಿದರೆ ಈ ಮೂರರಲ್ಲಿ ಎರಡು ಕೈಗಳು ಸದ್ದಿಲ್ಲದೆ ಒಂದಾಗಿರುತ್ತವೆ.

ಸರ್ಕಾರವನ್ನೇ ನೋಡಿ. ಇಲಾಖೆಯ ಅಧಿಕಾರಿ ಬಿಲ್ಲು ತಯಾರಿಸುತ್ತಾರೆ. ಅನುದಾನವಿದೆಯೇ, ನಿಯಮದಂತಿದೆಯೇ ಎಂದು ಖಜಾನೆ ಪರಿಶೀಲಿಸಿ ಪಾಸು ಮಾಡುತ್ತದೆ. ಮಹಾಲೇಖಪಾಲರ ಕಚೇರಿ ಲೆಕ್ಕ ಕ್ರೋಡೀಕರಿಸುತ್ತದೆ. ನಿಯಂತ್ರಕ ಮತ್ತು ಮಹಾಲೆಕ್ಕಪರಿಶೋಧಕರ (ಸಿಎಜಿ) ವರದಿ ಶಾಸನಸಭೆಯ ಮುಂದೆ ಬರುತ್ತದೆ. ಕರ್ನಾಟಕದಲ್ಲಿ ಇವತ್ತು ಈ ಬಿಲ್ಲುಗಳು ‘ಖಜಾನೆ-2’ ಎಂಬ ಗಣಕ ವ್ಯವಸ್ಥೆಯಲ್ಲಿ ಓಡಾಡುತ್ತವೆ. ತಂತ್ರಾಂಶ ಬಂದರೂ ಕೈಗಳ ವಿಭಜನೆ ಹಾಗೆಯೇ ಉಳಿದಿದೆ. ಗ್ರಾಮ ಪಂಚಾಯತಿಯಲ್ಲಿ ಚುನಾಯಿತ ಅಧ್ಯಕ್ಷರು ಮತ್ತು ಸರ್ಕಾರದ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಬ್ಬರೂ ಒಪ್ಪಿಗೆಯ ಮುದ್ರೆ ಒತ್ತದೆ ಹಣ ಹೊರಡುವುದಿಲ್ಲ. ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕು, ಊರಿನವರೇ ಕೂತು ಕಾಮಗಾರಿಯ ಲೆಕ್ಕ ಕೇಳಬೇಕು. ಆದರೆ ಅಧ್ಯಕ್ಷೆಯ ಡಿಜಿಟಲ್ ಸಹಿಯ ಸಾಧನ ಅವರ ಕೈಯಲ್ಲಿರದೆ ಬೇರೆಯವರ ಮೇಜಿನ ಡ್ರಾಯರಿನಲ್ಲಿದ್ದರೆ, ಕಾನೂನು ಕೊಟ್ಟ ಎರಡು ಕೈಗಳು ಒಂದೇ ಆಗಿಬಿಟ್ಟವು ಎಂದರ್ಥ.

ನಮ್ಮ ಸಂಘಗಳು

ಕನ್ನಡ ಸಂಘ, ಯುವಕ ಮಂಡಳಿ, ಕಲಾಸಂಘ, ಹಳೆಯ ವಿದ್ಯಾರ್ಥಿ ಸಂಘ ಮುಂತಾದವುಗಳಲ್ಲಿ ಹೆಚ್ಚಿನವು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಅಡಿ ಬರುತ್ತವೆ. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ವಾರ್ಷಿಕ ಮಹಾಸಭೆ ನಡೆಸಬೇಕು, ಪರಿಶೋಧಿತ ಲೆಕ್ಕವನ್ನೂ ಆಡಳಿತ ಮಂಡಳಿಯ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇಲ್ಲಿ ಖಜಾಂಚಿಗೆ ಸಂಬಳವಿಲ್ಲ. ತನ್ನ ಉದ್ಯೋಗ, ಸಂಸಾರಗಳ ನಡುವೆ ಬಿಡುವು ಮಾಡಿಕೊಂಡು ಅವರು ಈ ಕೆಲಸ ಮಾಡಬೇಕು.

ಒಂದು ರಾಜ್ಯೋತ್ಸವದ ಖರ್ಚನ್ನೇ ತೆಗೆದುಕೊಳ್ಳೋಣ. ಶಾಮಿಯಾನ, ಧ್ವನಿವರ್ಧಕ, ಹಾರ-ಶಾಲು, ಫಲತಾಂಬೂಲ, ಕಲಾತಂಡದ ಬಸ್ ಚಾರ್ಜು, ಊಟ. ಕಾರ್ಯದರ್ಶಿಗೆ ಇಪ್ಪತ್ತು ಸಾವಿರ ಮುಂಗಡ ಕೊಟ್ಟಿರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಆ ಹಣ ಅಂಗಿಯ ಜೇಬಿನಲ್ಲಿ ಮಡಚಿದ ಚೀಟಿಗಳಾಗಿ ವಾಪಸು ಬರುತ್ತದೆ. ಹೂ ಮಾರುವಾಕೆ ಬಿಲ್ಲು ಕೊಡುವುದಿಲ್ಲ, ಆಟೋದವರೂ ಕೊಡುವುದಿಲ್ಲ. ಆಗ ಖಜಾಂಚಿ ಏನು ಮಾಡಬೇಕು? ಬಿಲ್ಲಿಲ್ಲದ ಖರ್ಚಿಗೆ ಅಲ್ಲೇ ಓಚರ್ ಬರೆಯಬೇಕು. ತಾರೀಖು, ಮೊತ್ತ, ಯಾತಕ್ಕಾಗಿ, ಯಾರಿಗೆ ಎಂದು ನಮೂದಿಸಿ ಹಣ ಪಡೆದವರ ಸಹಿ ಅಥವಾ ಹೆಬ್ಬೆಟ್ಟು, ಖರ್ಚು ಮಾಡಿದವರ ಸಹಿ ಹಾಕಿಸಬೇಕು. ಐದು ಸಾವಿರ ಮೀರಿದ ಪಾವತಿಯ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಬೇಕು. ಮೊದಲ ಮುಂಗಡದ ಲೆಕ್ಕ ಬರುವ ತನಕ ಎರಡನೆಯ ಮುಂಗಡ ಕೊಡಬಾರದು. ಒಬ್ಬರಿಗೆ ಸಡಿಲಿಸಿದರೆ ಎಲ್ಲರಿಗೂ ಸಡಿಲಿಸಿದಂತೆ, ಆದ್ದರಿಂದ ಅಧ್ಯಕ್ಷರಿಗೂ ಇದೇ ನಿಯಮ.

ಈಗ ದೇಣಿಗೆ ಬರುವ ರೀತಿಯೇ ಬದಲಾಗಿದೆ. ಮೊಬೈಲಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹಣ ಕಳುಹಿಸುತ್ತಾರೆ. ಆ ಕೋಡ್ ಸಂಘದ ಖಾತೆಯದ್ದೇ ಆಗಿರಬೇಕು. ‘ಸದ್ಯಕ್ಕೆ ನನ್ನ ನಂಬರಿಗೆ ಹಾಕಿ, ಆಮೇಲೆ ವರ್ಗಾಯಿಸುತ್ತೇನೆ’ ಎಂಬ ಮಾತನ್ನು ಎಷ್ಟೇ ಸಜ್ಜನರು ಹೇಳಿದರೂ ಒಪ್ಪಬಾರದು. ಸಂಘದ ಹಣ ವೈಯಕ್ತಿಕ ಖಾತೆಯೊಳಗೆ ಒಂದು ದಿನ ನಿಂತರೂ ಅದು ಯಾರ ಹಣವೆಂಬ ಪ್ರಶ್ನೆ ಏಳುತ್ತದೆ. ತಿಂಗಳಿಗೊಮ್ಮೆ ಬ್ಯಾಂಕಿನ ಪಟ್ಟಿಯನ್ನೂ ನಗದು ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕು. ವರ್ಷಾಂತ್ಯಕ್ಕೆ ಸಿಕ್ಕದ ಎಷ್ಟೋ ತಪ್ಪುಗಳು ತಿಂಗಳ ಕೊನೆಗೆ ಸಿಗುತ್ತವೆ. ಅಷ್ಟರೊಳಗೆ ನೆನಪು ಮಾಸಿರುವುದಿಲ್ಲ, ಓಚರ್ ಕಳೆದಿರುವುದಿಲ್ಲ.

ಕಡಲಾಚೆಯ ಕನ್ನಡ ಕೂಟಗಳಿಗೂ ಈ ಹೊಣೆ ತಪ್ಪಿದ್ದಲ್ಲ. ತೆರಿಗೆ ವಿನಾಯಿತಿ ಪಡೆದ ಅಮೆರಿಕದ ಲಾಭರಹಿತ ಸಂಸ್ಥೆಗಳು ಅಲ್ಲಿನ ತೆರಿಗೆ ಇಲಾಖೆಗೆ ಫಾರಂ 990 ಎಂಬ ವಾರ್ಷಿಕ ವಿವರವನ್ನು ಸಲ್ಲಿಸಬೇಕು. ಚಿಕ್ಕ ಸಂಸ್ಥೆಗಳಿಗೆ ಅದರದೇ ಕಿರಿದಾದ ರೂಪವಿದೆ. ಆ ವಿವರವನ್ನು ಯಾರು ಬೇಕಾದರೂ ತೆಗೆದು ಓದಬಹುದು. ಸತತ ಮೂರು ವರ್ಷ ಸಲ್ಲಿಸದಿದ್ದರೆ ವಿನಾಯಿತಿಯೇ ಹೋಗುತ್ತದೆ. ಲೆಕ್ಕ ಎಲ್ಲರಿಗೂ ಕಾಣುವಂತಿರಬೇಕೆಂಬ ಈ ನಿಯಮ ನಮ್ಮ ಸಂಘಗಳೂ ತಾವಾಗಿಯೇ ಪಾಲಿಸಲು ಯೋಗ್ಯವಾದದ್ದು.

ಕಿವಿಗೆ ಕೇಳುವ ಲೆಕ್ಕ

ಖಜಾಂಚಿತನ ಕಲಿಯಬೇಕಾದವರು ಮಹಿಳಾ ಸ್ವಸಹಾಯ ಸಂಘದ ಸಭೆಯೊಂದಕ್ಕೆ ಹೋಗಿ ಕೂರಬೇಕು. ಕರ್ನಾಟಕದಲ್ಲಿ 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಇಂಥ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಇವುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಹತ್ತರಿಂದ ಇಪ್ಪತ್ತು ಹೆಂಗಸರು, ವಾರಕ್ಕೊಂದು ಸಭೆ, ಸಣ್ಣ ಉಳಿತಾಯ.

ಸಂಜೆ ಅಂಗನವಾಡಿಯ ಜಗುಲಿಯಲ್ಲಿ ಚಾಪೆ ಹಾಸಿ ದುಂಡಗೆ ಕೂರುತ್ತಾರೆ. ಒಬ್ಬಾಕೆ ಹೆಸರು ಕರೆಯುತ್ತಾಳೆ. ಕರೆಸಿಕೊಂಡವಳು ಉಳಿತಾಯ ಎಷ್ಟು, ಸಾಲದ ಕಂತು ಎಷ್ಟು, ಬಡ್ಡಿ ಎಷ್ಟು ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹಣವನ್ನು ನಡುವೆ ಇಡುತ್ತಾಳೆ. ಇನ್ನೊಬ್ಬಾಕೆ ಪುಸ್ತಕದಲ್ಲಿ ಬರೆಯುತ್ತಾಳೆ. ಮೂರನೆಯವಳು ಎಣಿಸುತ್ತಾಳೆ. ಕೊನೆಗೆ ಕಳೆದ ವಾರದ ಶಿಲ್ಕು ಇಷ್ಟು, ಇವತ್ತು ಬಂದದ್ದು ಇಷ್ಟು, ಸಾಲವಾಗಿ ಹೋದದ್ದು ಇಷ್ಟು, ಉಳಿದದ್ದು ಇಷ್ಟು ಎಂದು ಗಟ್ಟಿಯಾಗಿ ಹೇಳಿ ಸಹಿ ಹಾಕದೆ ಯಾರೂ ಚಾಪೆ ಬಿಟ್ಟು ಏಳುವುದಿಲ್ಲ. ಮರುದಿನ ಗುಂಪು ಆರಿಸಿದ ಇಬ್ಬರು ಪ್ರತಿನಿಧಿಗಳು ಬ್ಯಾಂಕಿಗೆ ಹೋಗಿ ಜಮೆ ಮಾಡಿ, ಮುಂದಿನ ಸಭೆಯಲ್ಲಿ ಚಲನ್ ತೋರಿಸುತ್ತಾರೆ. ಓದು ಬಾರದ ಸದಸ್ಯೆಗೂ ಸಂಘದ ಶಿಲ್ಕು ಎಷ್ಟೆಂದು ಗೊತ್ತಿರುತ್ತದೆ, ಯಾಕೆಂದರೆ ಅವಳು ಅದನ್ನು ಕೇಳಿದ್ದಾಳೆ. ಚೆನ್ನಾಗಿ ನಡೆಯುವ ಗುಂಪುಗಳಲ್ಲಿ ಪ್ರತಿನಿಧಿಗಳು ಸರದಿಯಂತೆ ಬದಲಾಗುತ್ತಾರೆ, ಆದ್ದರಿಂದ ಹಣ ನಿಭಾಯಿಸುವುದು ಬರುಬರುತ್ತಾ ಎಲ್ಲರಿಗೂ ಕಲಿತ ವಿದ್ಯೆಯಾಗುತ್ತದೆ. ನಮ್ಮ ದೊಡ್ಡ ಸಂಸ್ಥೆಗಳ ಮಹಾಸಭೆಗಳಲ್ಲಿ ಜಮಾಖರ್ಚನ್ನು ‘ಓದಿದಂತೆ ಭಾವಿಸಿ’ ಅಂಗೀಕರಿಸುತ್ತೇವಲ್ಲ, ಆ ಪದ್ಧತಿಯ ಮುಂದೆ ಈ ಚಾಪೆಯ ಸಭೆ ಎಷ್ಟೋ ಮೇಲು.

ಸಹಕಾರಿ ಸಂಘಗಳ ಮಾತು ಸ್ವಲ್ಪ ಬೇರೆ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ದೇಶದಲ್ಲಿ ಸಹಕಾರ ಕಾನೂನು ಬಂದು ಒಂದೇ ವರ್ಷವಾಗಿತ್ತು. ಇಂದಿನ ಸಹಕಾರಿ ಸಂಘಗಳಲ್ಲಿ ಆಯ್ಕೆಯಾದ ಅಧ್ಯಕ್ಷರು ಮತ್ತು ನಿರ್ದೇಶಕರು ಇರುತ್ತಾರೆ, ಆದರೆ ದಿನದಿನದ ಹಣ ಇರುವುದು ಸಂಬಳದ ಕಾರ್ಯದರ್ಶಿ ಅಥವಾ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಕೈಯಲ್ಲಿ. ಹಾಗಾಗಿ ಇಲ್ಲಿ ಖಜಾಂಚಿಯ ಕಣ್ಣಾಗಬೇಕಾದವರು ನಿರ್ದೇಶಕರು. ಸಾಲದ ಅರ್ಜಿಗಳಿಗೆ ಸಾಲುಸಾಲಾಗಿ ಸಹಿ ಹಾಕುವಾಗ ಒಂದೊಂದನ್ನೂ ಓದಬೇಕು. ಸುಸ್ತಿ ಸಾಲದ ಪಟ್ಟಿಯನ್ನು ತಿಂಗಳಿಗೊಮ್ಮೆ ಕೇಳಬೇಕು, ನಿರ್ದೇಶಕರ ನೆಂಟರ ಹೆಸರು ಅದರಲ್ಲಿದ್ದರೆ ಮೊದಲು ಕೇಳಬೇಕು. ಠೇವಣಿದಾರರೂ ಒಂದು ಸಂಗತಿ ತಿಳಿದಿರಬೇಕು. ಸಹಕಾರಿ ಬ್ಯಾಂಕಿನ ಠೇವಣಿಗೆ 2020ರಿಂದ ಐದು ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯಿದೆ. ಬ್ಯಾಂಕ್ ಅಲ್ಲದ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ರಕ್ಷಣೆ ಇಲ್ಲ. ಅಲ್ಲಿ ನಿವೃತ್ತಿಯ ಹಣವಿಟ್ಟ ಹಿರಿಯರಿಗೆ ನಿರ್ದೇಶಕರ ಎಚ್ಚರವೇ ರಕ್ಷಣೆ.

ಬೇರೆ ಬೇರೆ ಸಂಸ್ಥೆಗಳು, ಒಂದೇ ಹೊಣೆ

ಮುಜರಾಯಿ ಇಲಾಖೆಯ ದೇವಸ್ಥಾನಗಳನ್ನು ವಾರ್ಷಿಕ ಆದಾಯದಂತೆ ವಿಂಗಡಿಸುತ್ತಾರೆ. 25 ಲಕ್ಷಕ್ಕೆ ಮೇಲ್ಪಟ್ಟವು ಎ, 5ರಿಂದ 25 ಲಕ್ಷದವು ಬಿ, ಅದಕ್ಕಿಂತ ಕಡಿಮೆಯವು ಸಿ ವರ್ಗ. ದೊಡ್ಡ ದೇವಸ್ಥಾನಗಳ ಹುಂಡಿ ಎಣಿಕೆ ಅಧಿಕಾರಿಗಳು, ಬ್ಯಾಂಕಿನವರು, ಸ್ವಯಂಸೇವಕರ ಸಮ್ಮುಖದಲ್ಲಿ ಕ್ಯಾಮೆರಾ ಮುಂದೆ ನಡೆಯುತ್ತದೆ. ಊರ ಜಾತ್ರೆಯ ಚಿಕ್ಕ ಗುಡಿಯಲ್ಲೂ ಹುಂಡಿಯನ್ನು ನಾಲ್ಕು ಜನರ ಮುಂದೆ ಒಡೆದು ಎಣಿಸಿ, ಮೊತ್ತವನ್ನು ಗೋಡೆಯ ಮೇಲೆ ಬರೆಯಲು ಯಾವ ಖರ್ಚೂ ಇಲ್ಲ.

ನಗರದ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿಗೆ ತಿಂಗಳ ನಿರ್ವಹಣಾ ಶುಲ್ಕದ ವಸೂಲಿಯೇ ದೊಡ್ಡ ತಲೆನೋವು. ಅದಕ್ಕಿಂತ ದೊಡ್ಡ ಕರ್ತವ್ಯವೊಂದಿದೆ: ಹತ್ತಾರು ವರ್ಷಗಳಾಚೆ ಬದಲಿಸಬೇಕಾದ ಲಿಫ್ಟಿಗೆ, ಬಣ್ಣಕ್ಕೆ, ಪೈಪುಗಳಿಗೆ ಇವತ್ತಿನಿಂದಲೇ ಮೀಸಲು ನಿಧಿ ಕೂಡಿಡುವುದು. ಶುಲ್ಕ ಕಡಿಮೆ ಮಾಡಿ ಮೆಚ್ಚುಗೆ ಗಳಿಸುವುದು ಸುಲಭ. ನಿಧಿ ಕೂಡಿಡಬೇಕೆಂದು ಪಟ್ಟು ಹಿಡಿಯುವವರು ಮುಂದೆ ಬರುವ ನಿವಾಸಿಗಳ ಪರವಾಗಿ ಮಾತನಾಡುತ್ತಿರುತ್ತಾರೆ.

ರಾಜಕೀಯ ಪಕ್ಷಗಳಲ್ಲಿ ಖಜಾಂಚಿಯ ಹೊಣೆ ಕಾನೂನಿನಲ್ಲೇ ನಮೂದಾಗಿದೆ. ಜನಪ್ರಾತಿನಿಧ್ಯ ಕಾಯ್ದೆಯ 29ಸಿ ಕಲಮಿನಂತೆ, ಇಪ್ಪತ್ತು ಸಾವಿರ ಮೀರಿದ ದೇಣಿಗೆಗಳ ವರದಿಯನ್ನು ಪ್ರತಿ ಹಣಕಾಸು ವರ್ಷದಲ್ಲಿ ಪಕ್ಷದ ಖಜಾಂಚಿ ಅಥವಾ ಅಧಿಕೃತ ವ್ಯಕ್ತಿ ತಯಾರಿಸಬೇಕು. ದೇಣಿಗೆ ಕೊಟ್ಟವರ ಹೆಸರನ್ನು ಮತದಾರರಿಂದ ಮರೆಮಾಡುತ್ತಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟು 2024ರ ಫೆಬ್ರವರಿ 15ರಂದು ರದ್ದುಪಡಿಸಿತು. ಪಕ್ಷದ ಹಣ ಎಲ್ಲಿಂದ ಬಂತೆಂದು ತಿಳಿಯುವುದು ಮತದಾರನ ಹಕ್ಕು ಎಂಬುದು ಆ ತೀರ್ಪಿನ ಸಾರ. ಕಂಪನಿಗಳ ವಿಷಯದಲ್ಲೂ ಕಾನೂನು ಹೀಗೇ ನಿಖರವಾಗಿದೆ: 2013ರ ಕಂಪನಿ ಕಾಯ್ದೆ ಷೇರುಪೇಟೆಯ ಕಂಪನಿಗಳಿಗೆ ಪೂರ್ಣಾವಧಿ ಮುಖ್ಯ ಹಣಕಾಸು ಅಧಿಕಾರಿ ಇರಲೇಬೇಕೆಂದು ವಿಧಿಸಿದೆ.

ಅಸಲು ಕಾಯುವ ಕೆಲಸ

ಇಂದಿನ ಸಭೆಗೆ ನೇರವಾಗಿ ಸಂಬಂಧಿಸಿದ ದತ್ತಿಯ ವಿಷಯಕ್ಕೆ ಬರುತ್ತೇನೆ. ಅಸಲು ಮುಟ್ಟದೆ ಬಡ್ಡಿಯಲ್ಲಿ ಧರ್ಮಕಾರ್ಯ ನಡೆಸುವುದು ಕನ್ನಡ ನಾಡಿನಲ್ಲಿ ಬಹಳ ಹಳೆಯ ಪದ್ಧತಿ. ಗದ್ಯಾಣಗಳನ್ನು ಮೂಲಧನವಾಗಿಟ್ಟು, ಅದರ ಬಡ್ಡಿಯಿಂದ ಗೊಮ್ಮಟನ ಅಭಿಷೇಕಕ್ಕೆ ಹಾಲು ಒದಗಿಸಬೇಕೆಂದು ಬರೆಸಿದ 13ನೇ ಶತಮಾನದ ಶಾಸನಗಳು ಶ್ರವಣಬೆಳಗೊಳದಲ್ಲಿವೆ. ಅಸಲು ಎಷ್ಟು, ಬಡ್ಡಿಯಿಂದ ಏನು ಮಾಡಬೇಕು, ಅದನ್ನು ಯಾರು ನಡೆಸಬೇಕು ಎಂಬ ವಿವರಗಳನ್ನು ಹಿರಿಯರು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು.

ಆದರೆ ಬಡ್ಡಿ ಕಲ್ಲಿನಂತೆ ನಿಲ್ಲುವುದಿಲ್ಲ. 1990ರ ದಶಕದ ನಡುವೆ ಬ್ಯಾಂಕಿನ ನಿಶ್ಚಿತ ಠೇವಣಿಗೆ ಶೇಕಡಾ ಹನ್ನೆರಡರ ಆಸುಪಾಸು ಬಡ್ಡಿ ಬರುತ್ತಿತ್ತು. ಈಚಿನ ವರ್ಷಗಳಲ್ಲಿ ಆರೇಳು ಸಿಕ್ಕರೆ ಹೆಚ್ಚು. ಆಗ ಹತ್ತು ಸಾವಿರ ಇಟ್ಟ ದತ್ತಿಯಿಂದ ವರ್ಷಕ್ಕೆ ಸಾವಿರದ ಇನ್ನೂರು ಬರುತ್ತಿತ್ತು ಎಂದುಕೊಳ್ಳಿ. ಅದರಲ್ಲಿ ಉಪನ್ಯಾಸಕರ ಸಂಭಾವನೆ, ಬಸ್ ಚಾರ್ಜು, ಕಾಫಿ ಎಲ್ಲ ನಡೆಯುತ್ತಿತ್ತು. ಇವತ್ತು ಅದೇ ಅಸಲಿನಿಂದ ಬರುವ ಆರುನೂರು ಚಿಲ್ಲರೆ ಆಮಂತ್ರಣ ಪತ್ರಿಕೆಗೂ ಸಾಲದು. ಅಸಲು ಪುಸ್ತಕದಲ್ಲಿ ಪೂರ್ತಿ ಇದೆ, ಅದರ ಶಕ್ತಿ ಮಾತ್ರ ಉಳಿದಿಲ್ಲ. ಆದ್ದರಿಂದ ಪ್ರತಿ ವರ್ಷ ಬಡ್ಡಿಯ ಒಂದು ಪಾಲನ್ನು ಅಸಲಿಗೆ ಸೇರಿಸಬೇಕು. ಇದನ್ನು ದಾನಪತ್ರದಲ್ಲೇ ಬರೆಸಿಕೊಳ್ಳಬೇಕು. ಸೊರಗಿದ ದತ್ತಿಗಳ ಬಗ್ಗೆ ದಾನಿಗಳ ಮಕ್ಕಳಿಗೆ ಕಾಗದ ಬರೆದು ವಸ್ತುಸ್ಥಿತಿ ತಿಳಿಸಬೇಕು. ಒಪ್ಪಿಗೆ ಪಡೆದು ಎರಡು ಮೂರು ದತ್ತಿಗಳ ಕಾರ್ಯಕ್ರಮವನ್ನು ಕೂಡಿಸಿ ಮಾಡಬಹುದು. ಅಸಲಿನಿಂದ ‘ತಾತ್ಕಾಲಿಕವಾಗಿ’ ಕಟ್ಟಡಕ್ಕೋ ಸಮ್ಮೇಳನಕ್ಕೋ ಹಣ ತೆಗೆಯುವುದು ಮಾತ್ರ ಎಂದಿಗೂ ಸಲ್ಲದು.

ದತ್ತಿಯಂಥ ಶಾಶ್ವತ ನಿಧಿಯ ಬಗ್ಗೆಯೇ ಗಾಂಧೀಜಿ ಬೇರೊಂದು ದೃಷ್ಟಿಯಿಂದ ಆಕ್ಷೇಪ ಎತ್ತಿದ್ದರು. 1894ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಟಾಲ್ ಇಂಡಿಯನ್ ಕಾಂಗ್ರೆಸ್ ಕಟ್ಟಿದಾಗ ಪೈಸೆ ಪೈಸೆಗೂ ರಸೀದಿ, ಲೆಕ್ಕ ಇರಬೇಕೆಂದು ಅವರು ಹಟ ಹಿಡಿದರು. ಆ ಅನುಭವದಿಂದ ಮುಂದೆ ಅವರು ತಲುಪಿದ ನಿಲುವು, ಸಾರ್ವಜನಿಕ ಸಂಸ್ಥೆಗಳು ಶಾಶ್ವತ ನಿಧಿಯ ಮೇಲೆ ಬದುಕಬಾರದು ಎಂಬುದು. ವರ್ಷ ವರ್ಷ ಜನರ ಬಳಿ ಚಂದಾ ಕೇಳಬೇಕಾದ ಸಂಸ್ಥೆ ಜನರ ಮಾತಿಗೆ ಬೆಲೆ ಕೊಡುತ್ತದೆ, ಬಡ್ಡಿಯ ಮೇಲೆ ಬದುಕುವ ಸಂಸ್ಥೆ ಜನರನ್ನು ಮರೆಯುತ್ತದೆ ಎಂಬುದು ಅವರ ಆತಂಕ. ಈ ಎಚ್ಚರಿಕೆಯಲ್ಲಿ ಸತ್ಯವಿದೆ. ಹಾಗೆಂದು ದತ್ತಿಗಳನ್ನು ಬಿಡಬೇಕಿಲ್ಲ. ದತ್ತಿಯ ಲೆಕ್ಕವನ್ನು ಚಂದಾ ಲೆಕ್ಕದಷ್ಟೇ ಬಹಿರಂಗವಾಗಿಟ್ಟರೆ, ಪ್ರತಿ ದತ್ತಿಯ ಅಸಲು, ಬಡ್ಡಿ, ಖರ್ಚುಗಳನ್ನು ವಾರ್ಷಿಕ ವರದಿಯಲ್ಲಿ ಹೆಸರು ಹೆಸರಾಗಿ ಅಚ್ಚು ಹಾಕಿದರೆ, ಗಾಂಧೀಜಿಯ ಆಕ್ಷೇಪಕ್ಕೆ ಅದು ತಕ್ಕ ಉತ್ತರ.

ಖಜಾಂಚಿಗೆ, ಮತ್ತು ನಮಗೆ

ಖಜಾಂಚಿಗೆ ಬೇಕಾದ ದೊಡ್ಡ ಗುಣ ಕೂಡಿಸಿ ಕಳೆಯುವ ಜಾಣ್ಮೆಯಲ್ಲ, ‘ಇದಾಗುವುದಿಲ್ಲ’ ಎಂದು ಸೌಜನ್ಯದಿಂದ ಹೇಳುವ ಧೈರ್ಯ. ಬಜೆಟ್ಟಿನಲ್ಲಿಲ್ಲದ ಖರ್ಚಿಗೆ, ಖಾಲಿ ಚೆಕ್ಕಿಗೆ ಮೊದಲೇ ಸಹಿ ಕೇಳುವ ಗೆಳೆಯನಿಗೆ ಆ ಮಾತು ಹೇಳಲೇಬೇಕು. ಅವಧಿ ಮುಗಿದಾಗ ಉಳಿದ ಚೆಕ್ಕುಗಳು, ಠೇವಣಿ ಪತ್ರಗಳು, ಬಳಸಿದ ಮತ್ತು ಬಳಸದ ರಸೀದಿ ಪುಸ್ತಕಗಳು, ಪಾಸ್‌ವರ್ಡುಗಳು ಎಲ್ಲವನ್ನೂ ಪಟ್ಟಿ ಮಾಡಿ, ಎರಡೂ ಕಡೆಯವರ ಸಹಿಯೊಂದಿಗೆ ಮುಂದಿನವರಿಗೆ ಒಪ್ಪಿಸಬೇಕು. ಆ ಪಟ್ಟಿಯೇ ಅವರ ಸೇವೆಯ ನಿಜವಾದ ಅಭಿನಂದನಾ ಪತ್ರ.

ಆದರೆ ಖಜಾಂಚಿಯನ್ನು ಒಂಟಿಯಾಗಿ ಬಿಟ್ಟವರು ನಾವು. ಸಭೆಯಲ್ಲಿ ಲೆಕ್ಕ ಕೇಳುವವರನ್ನು ಜಗಳಗಂಟರೆಂದು ಕರೆದವರೂ ನಾವೇ. ಲೆಕ್ಕ ಕೇಳುವುದು ಅವಮಾನವಲ್ಲ. ಪ್ರಾಮಾಣಿಕ ಖಜಾಂಚಿ ಅದಕ್ಕಾಗಿಯೇ ವರ್ಷವಿಡೀ ಪುಸ್ತಕ ಬರೆದಿರುತ್ತಾರೆ.

ನಿಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ನೀವು ಸದಸ್ಯರಾಗಿರುವ ಸಂಘ, ಸೊಸೈಟಿ, ದೇವಸ್ಥಾನ, ಅಪಾರ್ಟ್‌ಮೆಂಟ್ ಯಾವುದೇ ಇರಲಿ, ಮುಂದಿನ ಮಹಾಸಭೆಗೆ ಹೋಗುವ ಮುನ್ನ ಜಮಾಖರ್ಚಿನ ಪಟ್ಟಿಯನ್ನು ಮನೆಯಲ್ಲಿ ಕೂತು ಪೂರ್ತಿ ಓದಿ. ಅರ್ಥವಾಗದ ಒಂದು ಬಾಬತ್ತನ್ನಾದರೂ ಗುರುತು ಹಾಕಿಕೊಂಡು ಸಭೆಯಲ್ಲಿ ವಿನಯದಿಂದ ಕೇಳಿ. ಉತ್ತರ ಸಿಕ್ಕ ಮೇಲೆ ಕೈ ಎತ್ತಿ ಅಂಗೀಕರಿಸಿ, ಖಜಾಂಚಿಗೆ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿ. ನಮ್ಮ ಸಂಸ್ಥೆಗಳನ್ನು ಉಳಿಸಲು ಸಾಮಾನ್ಯ ಸದಸ್ಯನೊಬ್ಬ ಮಾಡಬಹುದಾದ ಅತ್ಯಂತ ದೊಡ್ಡ ಕೆಲಸ ಇದು.